ನೀರು ನೋಡುವ ಹುದ್ದೆ

"ಸನ್ಮಾನ್ಯ ಸಭಾಧ್ಯಕ್ಷರೇ, ಈ ಸದನದ ಮುಂದೆ ಒಂದು ಸಂವಿಧಾನ ತಿದ್ದುಪಡಿ ಮಸೂದೆಯನ್ನು ಮಂಡಿಸುತ್ತಿದ್ದೇನೆ," ಎಂದಳು ಸಿದ್ರಾ.

ಸಭಾಂಗಣದ ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕೂತಿದ್ದ ನಸೀಬಾ ಮುಂದಕ್ಕೆ ಬಾಗಿದಳು. ಮೈಕಿನಲ್ಲಿ ಮಗಳ ದನಿ ಬೇರೆ ಯಾರದೋ ಎಂಬಂತೆ ಕೇಳುತ್ತಿತ್ತು. ಶಿವಮೊಗ್ಗದ ಆ ಕಾಲೇಜಿನಲ್ಲಿ ಯುವ ಸಂಸತ್ತಿನ ಸ್ಪರ್ಧೆ ನಡೆಯುತ್ತಿತ್ತು. ವೇದಿಕೆಯ ಒಂದು ಕಡೆ ಆಡಳಿತ ಪಕ್ಷದ ಹುಡುಗರು, ಇನ್ನೊಂದು ಕಡೆ ವಿರೋಧ ಪಕ್ಷದವರು, ನಡುವಿನ ಎತ್ತರದ ಕುರ್ಚಿಯಲ್ಲಿ ಸಭಾಧ್ಯಕ್ಷೆಯಾಗಿ ಲಿಖಿತಾ ಎಂಬ ಹುಡುಗಿ. ಸಿದ್ರಾ ಕಾನೂನು ಮಂತ್ರಿ. ಕಾನೂನು ಓದುತ್ತಿರುವ ಮಗಳು ಒಂದು ದಿನದ ಮಟ್ಟಿಗಾದರೂ ಮಂತ್ರಿಯಾಗುತ್ತಾಳೆಂದು ನಸೀಬಾ ಬೆಳಗಿನ ಕೆಲಸ ಮುಗಿಸಿ ಭದ್ರಾವತಿಯಿಂದ ಬಸ್ಸು ಹತ್ತಿ ಬಂದಿದ್ದಳು.

"ಸರ್ಕಾರ ಅನ್ನುವುದು ತಾನಾಗಿ ಚಿಕ್ಕದಾಗುವುದಿಲ್ಲ," ಸಿದ್ರಾ ಮುಂದುವರಿಸಿದಳು. "ಅದಕ್ಕೆ ಸಂವಿಧಾನದಲ್ಲೇ ಒಂದು ಎಲ್ಲೆ ಇರಬೇಕು. ಯಾವ ಇಲಾಖೆಯೇ ಇರಲಿ, ಯಾವ ಹುದ್ದೆಯೇ ಇರಲಿ, ಹತ್ತು ವರ್ಷಕ್ಕೆ ತಾನೇ ಮುಗಿದುಹೋಗಬೇಕು. ಮುಂದುವರಿಸಬೇಕಾದರೆ ಅದು ಯಾಕೆ ಬೇಕೆಂದು ಸದನದಲ್ಲಿ ಹೇಳಿ ಹೊಸದಾಗಿ ಮತ ಪಡೆಯಬೇಕು."

ವಿರೋಧ ಪಕ್ಷದಿಂದ ಪ್ರಣವ ಎಂಬ ಹುಡುಗ ಎದ್ದು ನಿಂತ. ಸರ್ಕಾರ ಸಣ್ಣದಾದರೆ ಮೊದಲು ಇಲ್ಲವಾಗುವುದು ಬಡವರ ಬೀದಿಯಲ್ಲಿರುವ ಸರ್ಕಾರ ಎಂದ. ಭದ್ರಾವತಿಯ ಕಾರ್ಖಾನೆಗಳ ಪಾಳುಬಿದ್ದ ಕ್ವಾರ್ಟರ್ಸುಗಳನ್ನು ಒಮ್ಮೆ ಹೋಗಿ ನೋಡಿ ಎಂದ. ಜೋರಾಗಿ ಚಪ್ಪಾಳೆ ಬಿತ್ತು. ನಸೀಬಾ ಕೂಡ ಅರಿಯದೆ ಎರಡು ಸಲ ಕೈ ತಟ್ಟಿ, ಆಮೇಲೆ ಮಗಳು ಯಾವ ಕಡೆಯವಳೆಂದು ನೆನಪಾಗಿ ನಿಲ್ಲಿಸಿದಳು.

ಸಿದ್ರಾ ನೀರು ಕುಡಿದು ಮೈಕಿನ ಹತ್ತಿರ ಬಂದಳು. ಈ ಸಲ ಕೈಯಲ್ಲಿ ಕಾಗದವಿರಲಿಲ್ಲ.

"ನಾನು ಭದ್ರಾವತಿಯವಳೇ. ನನಗೆ ಗೊತ್ತಿರುವ ಒಂದು ಹುದ್ದೆಯ ಬಗ್ಗೆ ಹೇಳುತ್ತೇನೆ. ಹೊಳೆಯಲ್ಲಿ ನೀರು ಎಷ್ಟಿದೆ ಎಂದು ಬೆಳಿಗ್ಗೆ ಸಂಜೆ ನೋಡಿ ಹೇಳುವ ಹುದ್ದೆ. ಅಲ್ಲೀಗ ಯಂತ್ರ ಬಂದಿದೆ. ಯಂತ್ರ ಗಳಿಗೆಗೊಮ್ಮೆ ನೀರಿನ ಮಟ್ಟ ಹೇಳುತ್ತದೆ. ಆದರೂ ಹುದ್ದೆ ಇದೆ. ಅದರಲ್ಲಿ ಒಬ್ಬ ಹೆಂಗಸು ಇದ್ದಾಳೆ. ಅವಳ ಗಂಡ ಅದೇ ಹುದ್ದೆಯಲ್ಲಿದ್ದು ಅದೇ ಮೆಟ್ಟಿಲಿನಿಂದ ನೀರುಪಾಲಾದ. ಅನುಕಂಪ ಎಂದು ಸರ್ಕಾರ ಅವಳಿಗೆ ಆ ಕೆಲಸ ಕೊಟ್ಟಿತು. ಅಂದರೆ, ಗಂಡ ಹೋದ ನೀರನ್ನೇ ದಿನಾ ಎರಡು ಹೊತ್ತು ನೋಡುತ್ತಿರು ಎಂದು ಸಂಬಳ ಕೊಡುತ್ತಿದೆ. ಸ್ವಾಮಿ, ಇದನ್ನು ಅನುಕಂಪ ಅನ್ನುತ್ತೀರಾ? ಯಾರಿಗೂ ಬೇಡವಾದ ಹುದ್ದೆಯೊಂದನ್ನು ಮುಗಿಸುವ ಧೈರ್ಯ ಯಾರಿಗೂ ಇಲ್ಲದಿದ್ದರೆ, ಅದರೊಳಗೆ ಮನುಷ್ಯರು ಹೀಗೆ ಸಿಕ್ಕಿಕೊಳ್ಳುತ್ತಾರೆ."

ಸಭೆ ಚಪ್ಪಾಳೆ ತಟ್ಟಿತು. ಪ್ರಣವನೂ ತಟ್ಟಿದ. ನಸೀಬಾ ತೊಡೆಯ ಮೇಲಿದ್ದ ಬ್ಯಾಗಿನ ಜಿಪ್ಪನ್ನು ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಪಕ್ಕದಲ್ಲಿದ್ದ ಯಾರದೋ ತಾಯಿ ಕಣ್ಣೊರೆಸಿಕೊಂಡು, "ಪಾಪ, ಯಾರೋ ಏನೋ," ಎಂದಳು.

"ಹೂಂ," ಎಂದಳು ನಸೀಬಾ.

ಮಸೂದೆ ಮೂರನೇ ಎರಡರಷ್ಟು ಬಹುಮತದಿಂದ ಅಂಗೀಕಾರವಾಯಿತು. ಸಿದ್ರಾಗೆ ಮೊದಲ ಬಹುಮಾನ ಬಂತು. ಅವಳಿಗೆ ತರಬೇತಿ ಕೊಟ್ಟಿದ್ದ ವಸಂತ್ ಮೇಷ್ಟ್ರು ನಸೀಬಾಳ ಹತ್ತಿರ ಬಂದು ಕೈ ಮುಗಿದರು. "ನಿಮ್ಮ ಮಗಳು ರಾಜ್ಯಮಟ್ಟಕ್ಕೆ ಹೋಗ್ತಾಳಮ್ಮ. ಕಾನೂನಿನ ಕಲಮು ಎಲ್ಲರೂ ಬರೀತಾರೆ. ಉದಾಹರಣೆ ಹುಡುಕೋದು ಕಷ್ಟ," ಎಂದರು. ಆ ಉದಾಹರಣೆ ಎದುರಿಗೇ ನಿಂತಿದೆಯೆಂದು ಅವರಿಗೆ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ತಾಯಿ ಮಗಳು ಒಂದೇ ಸೀಟಿನಲ್ಲಿ ಕೂತರು. ಬಹುಮಾನದ ಫಲಕ ಇಬ್ಬರ ನಡುವೆ ಇತ್ತು. ಮಾಚೇನಹಳ್ಳಿಯಲ್ಲಿ ಪಾಳಿ ಮುಗಿಸಿದ ಕಾರ್ಖಾನೆಯ ಹುಡುಗರು ಹತ್ತಿ ಬಸ್ಸು ತುಂಬಿಹೋಯಿತು. ಎಣ್ಣೆ, ಕಬ್ಬಿಣದ ಪುಡಿಯ ವಾಸನೆ. ಸಿದ್ರಾ ಕಿಟಕಿಯ ಕಡೆ ನೋಡುತ್ತಲೇ, "ಹೆಸರು ಹೇಳಲಿಲ್ಲ ಅಮ್ಮಿ," ಎಂದಳು.

"ಇಲ್ಲ," ಎಂದಳು ನಸೀಬಾ. "ಹೆಸರು ಹೇಳಲಿಲ್ಲ."

ಭದ್ರಾವತಿಯಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ. ಫಲಕವನ್ನು ಮಗಳ ಕೈಗೆ ಕೊಟ್ಟು ಹೊಳೆಯ ದಾರಿ ಹಿಡಿದಳು. ಸಂಜೆಯ ಅಳತೆ ಬಾಕಿಯಿತ್ತು.

ಗಂಡ ಸಯೀದ್ ಕಾಣೆಯಾದದ್ದು ಹೊಳೆ ತುಂಬಿದ್ದ ಒಂದು ಆಷಾಢದ ಸಂಜೆ. ನೀರು ನೋಡಿ ಬರುತ್ತೇನೆಂದು ಹೋದ. ಮೆಟ್ಟಿಲ ಮೇಲೆ ಅವನ ಚಪ್ಪಲಿ ಮತ್ತು ಕೊಡೆ ಸಿಕ್ಕವು. ಬೀಳುವುದನ್ನು ಯಾರೂ ನೋಡಿರಲಿಲ್ಲ. ನಸೀಬಾಳ ಮಾವ ಮೆಹಬೂಬ್ ಸಾಬ್ ತಮ್ಮ ಗ್ಯಾರೇಜಿನ ಹುಡುಗರನ್ನೆಲ್ಲ ಕಟ್ಟಿಕೊಂಡು, ಭದ್ರೆ ತುಂಗೆಯನ್ನು ಸೇರುವ ಕೂಡ್ಲಿಯವರೆಗೂ ದಡ ಜಾಲಾಡಿ ಬಂದರು. ಏನೂ ಸಿಗಲಿಲ್ಲ. ದೇಹವಿಲ್ಲದೆ ಜನಾಜಾದ ಮೆರವಣಿಗೆ ಇಲ್ಲ, ಹೂಳಲು ಕಬರ್ ಇಲ್ಲ. ಸರ್ಕಾರದ ಲೆಕ್ಕದಲ್ಲಿ ಸಾವೂ ಇಲ್ಲ. ಏಳು ವರ್ಷ ಕಾದ ಮೇಲೆ ಕೋರ್ಟು ಅವನನ್ನು ಸತ್ತವನೆಂದು ಒಪ್ಪಿತು. ಅಷ್ಟು ದಿನವೂ ಬಟ್ಟೆ ಹೊಲಿದು ಮಗಳನ್ನು ಸಾಕಿದ್ದ ನಸೀಬಾಗೆ ಅದಾದ ಮೇಲೆ ಗಂಡನ ಕೆಲಸ ಸಿಕ್ಕಿತು. ಅಧಿಕಾರಿಯೊಬ್ಬರು ಬೇರೆ ಕಡೆ ಹಾಕಿಸಲೇ ಎಂದು ಕೇಳಿದ್ದರು. ನಸೀಬಾ ಬೇಡ ಎಂದಿದ್ದಳು. ಇದನ್ನು ಅವಳು ಸಿದ್ರಾಗೆ ಎಂದೂ ಹೇಳಿರಲಿಲ್ಲ.

ಅವರ ಕಡೆ ಹೆಂಗಸರು ಕಬರಸ್ತಾನಕ್ಕೆ ಹೋಗುವ ಪದ್ಧತಿಯಿಲ್ಲ. ನಸೀಬಾಳ ಅಕ್ಕ ಆಯೆಷಾ ತನ್ನ ಗಂಡನ ಕಬರನ್ನು ಇವತ್ತಿಗೂ ನೋಡಿಲ್ಲ. ಆದರೆ ನಸೀಬಾಳನ್ನು ದಿನಕ್ಕೆರಡು ಸಲ ಸರ್ಕಾರವೇ ಕಳಿಸುತ್ತಿತ್ತು.

ಮೆಟ್ಟಿಲ ಮೇಲೆ ಶಂಕರಮ್ಮ ಕೊನೆಯ ಬಟ್ಟೆಯನ್ನು ಹಿಂಡುತ್ತಿದ್ದಳು. ನಾಲ್ಕು ಮನೆಯ ಬಟ್ಟೆ ಒಗೆಯುವ ಅವಳು ಇಷ್ಟು ವರ್ಷವೂ ನಸೀಬಾಳನ್ನು ಇಲ್ಲೇ ನೋಡುತ್ತ ಬಂದವಳು. "ಏನ್ ಮಾರಾಯ್ತಿ, ಮಗಳು ಗೆದ್ಲಾ?"

"ಗೆದ್ಲು."

"ಮತ್ತೆ ಮುಖ ಯಾಕೆ ಹಂಗಿದೆ?"

ನಸೀಬಾ ಕೆಳಗಿಳಿದಳು. ನೀರಿನಲ್ಲಿ ಕಪ್ಪು ಬಿಳಿ ಗೆರೆಗಳ ಕಂಬ ನಿಂತಿತ್ತು. ಮೇಲೆ ಸೇತುವೆಯ ಕಂಬಿಗೆ ಯಂತ್ರದ ಡಬ್ಬಿ, ಅದಕ್ಕೊಂದು ಸಣ್ಣ ಸೋಲಾರ್ ಹಲಗೆ. ಹರಿಯುವ ನೀರು ಕಂಬಕ್ಕೆ ತಾಗಿ ಸುತ್ತಿ ಹೊರಡುವಾಗ ಗಂಟಲು ಸರಿಮಾಡಿಕೊಂಡಂಥ ಸದ್ದು. ಎಲೆಯಡಿಕೆ ಹಾಕುತ್ತಿದ್ದ ಸಯೀದ್ ಮಾತಿಗೆ ಮುಂಚೆ ಹಾಗೇ ಮಾಡುತ್ತಿದ್ದ. ಮೊದಲ ದಿನ ಅದನ್ನು ಕೇಳಿ ನಸೀಬಾ ಮೆಟ್ಟಿಲ ಮೇಲೇ ಕುಸಿದಿದ್ದಳು. ಈಗ ಅದಿಲ್ಲದ ದಿನ ಅವಳಿಗೆ ದಿಗಿಲಾಗುತ್ತಿತ್ತು.

"ಬಂದೆ," ಎಂದಳು ಮೆಲ್ಲಗೆ. ಗೆರೆ ನೋಡಿದಳು. ಫೋನು ತೆಗೆದು ಶಿವಮೊಗ್ಗದ ಕಚೇರಿಗೆ ಹೇಳಿದಳು. ಅತ್ತ ಕಡೆಯವನು ಎಂದಿನಂತೆ "ಆಯ್ತಮ್ಮ" ಎಂದು ಇಟ್ಟ. ನಸೀಬಾ ಮತ್ತೆ ಕಂಬದ ಕಡೆ ತಿರುಗಿದಳು. "ಸಿದ್ರಾ ಇವತ್ತು ದೊಡ್ಡ ಸಭೇಲಿ ಮಾತಾಡಿದ್ಲು," ಎಂದಳು. ಏನು ಮಾತಾಡಿದಳೆಂದು ಹೇಳಲಿಲ್ಲ.

ಮನೆಗೆ ಬಂದಾಗ ಸಿದ್ರಾ ಅನ್ನಕ್ಕಿಟ್ಟು ಒಲೆಯ ಮುಂದೆ ನಿಂತಿದ್ದಳು. ಫಲಕವನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದಳು.

"ಬೈದ್ಬಿಡು ಅಮ್ಮಿ. ಸುಮ್ನಿರಬೇಡ."

"ಬೈಯೋಕೇನಿದೆ. ಸುಳ್ಳು ಹೇಳಿದ್ಯಾ?"

"ಇಲ್ಲ."

"ಮತ್ತೆ?"

ಸಿದ್ರಾ ಒಲೆ ಸಣ್ಣ ಮಾಡಿದಳು. "ಏಳನೇ ಕ್ಲಾಸಲ್ಲಿದ್ದಾಗ ಒಂದ್ಸಲ ನಿನ್ನ ಹಿಂದೆ ಹೊಳೆಗೆ ಬಂದಿದ್ದೆ. ನಿಂಗೆ ಗೊತ್ತಿಲ್ಲ. ಅವತ್ತು ಹೊಳೆ ಮೇಲ್ಗಡೆ ಮೆಟ್ಟಿಲ ತನಕ ಬಂದಿತ್ತು. ನೀನು ಮೊಣಕಾಲುದ್ದ ನೀರಲ್ಲಿ ನಿಂತು ಮಾತಾಡ್ತಿದ್ದೆ. ನಗ್ತಿದ್ದೆ ಅಮ್ಮಿ. ಮನೇಲಿ ಒಂದು ದಿನ ಆದ್ರೂ ಹಂಗೆ ನಕ್ಕಿದ್ದು ನಾನು ನೋಡಿಲ್ಲ. ಇನ್ನೊಂದು ಮೆಟ್ಟಿಲು ಇಳೀತಾಳೆ, ಇಳಿದೇ ಬಿಡ್ತಾಳೆ ಅನ್ಕೊಂಡು ಮರದ ಹಿಂದೆ ನಿಂತಿದ್ದೆ. ಅವತ್ತಿಂದ ಮಳೆ ಬಂದ ದಿನ ನೀನು ಬಾಗಿಲು ತೆಗೆದು ಒಳಗೆ ಬರೋತನಕ ನಾನು ಒಂದಕ್ಷರ ಓದಿದ್ದಿಲ್ಲ."

ನಸೀಬಾ ಮಣೆಯ ಮೇಲೆ ಕೂತಳು.

"ಆ ಕೆಲಸ ನಿನ್ನನ್ನ ಬಿಡ್ಬೇಕು ಅಷ್ಟೇ ನಂಗೆ ಬೇಕಿದ್ದು," ಎಂದಳು ಸಿದ್ರಾ. "ನೀನಾಗಿ ಬಿಡಲ್ಲ ಅಂತ ಗೊತ್ತಿತ್ತು. ಸಂವಿಧಾನ ತಿದ್ದಿದ್ರೆ ಬಿಡ್ತೀಯೇನೋ ಅಂತ."

ಹಾಗೆಂದು ತಾನೇ ನಗಲು ಹೋದವಳು ಸೆರಗಿನಂತೆ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. ನಸೀಬಾ ಎದ್ದು ಅನ್ನ ಬಸಿದಳು.

ಮಸೂದೆ ಅಂಗೀಕಾರವಾಗಿದ್ದು ಆಟದ ಸಂಸತ್ತಿನಲ್ಲಿ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ನಿಜವಾದ ಆದೇಶವೇ ಬಂತು. ಇಲಾಖೆಯ ಇಂಜಿನಿಯರ್ ಪರಮೇಶ್ ಜೀಪಿನಲ್ಲಿ ಹೊಳೆಯ ಹತ್ತಿರವೇ ಬಂದರು. ಒಳ್ಳೆಯ ಮನುಷ್ಯ. ಮೆಟ್ಟಿಲ ಮೇಲೆ ಕರ್ಚೀಫು ಹಾಸಿ ಕೂತು, ನಸೀಬಾಳನ್ನೂ ಕೂರಲು ಹೇಳಿದರು.

"ನಿಮಗೇನೂ ಅನ್ಯಾಯ ಆಗಲ್ಲ ನಸೀಬಮ್ಮ. ಹುದ್ದೆ ಮಾತ್ರ ರದ್ದು. ನಿಮ್ಮನ್ನ ಶಿವಮೊಗ್ಗದ ಆಫೀಸಿಗೆ ತಗೊಂಡಿದ್ದೀವಿ. ಫ್ಯಾನ್ ಕೆಳಗೆ ಕೂತು ಟಪಾಲು ನೋಡ್ಕೊಂಡಿದ್ರೆ ಆಯ್ತು."

"ಯಾರಾದ್ರೂ ಏನಾದ್ರೂ ಹೇಳಿದ್ರಾ ಸರ್? ಕಾಲೇಜಿನೋರು?"

"ಕಾಲೇಜಿನೋರಾ? ಇಲ್ಲಮ್ಮ. ಖಾಲಿ ಹುದ್ದೆ, ಬೇಡದ ಹುದ್ದೆ ಎಲ್ಲ ಪಟ್ಟಿ ಮಾಡಿ ಅಂತ ಮೇಲಿಂದ ಬಂದಿತ್ತು. ಆಗ ಕಣ್ಣಿಗೆ ಬಿತ್ತು. ನಿಜ ಹೇಳ್ಬೇಕಂದ್ರೆ," ಪರಮೇಶ್ ಹೊಳೆಯ ಕಡೆ ನೋಡಿದರು, "ಇಂಥದ್ದೊಂದು ಹುದ್ದೆ ಇದೆ ಅಂತಾನೇ ನಮಗೆ ಮರೆತುಹೋಗಿತ್ತು."

"ದಿನಾ ಫೋನ್ ಮಾಡ್ತಿದ್ನಲ್ಲ ಸರ್."

ಪರಮೇಶ್ ಕೂತಿದ್ದ ಕರ್ಚೀಫಿನ ಅಂಚು ಸರಿಮಾಡಿಕೊಂಡರು. "ಫೋನ್ ತಗೊಳ್ಳೋ ನಾಗೇಶ್ ಹೇಳ್ದ. ಯಂತ್ರ ಹಾಕಿದ ಮೇಲೆ ನಿಮ್ಮ ಅಳತೇನ ಬರ್ಕೊಳ್ತಿರಲಿಲ್ಲವಂತೆ. ಬೇಡ ಅಂದ್ರೆ ನಿಮಗೆ ಬೇಜಾರಾಗುತ್ತೆ ಅಂತ ಆಯ್ತಮ್ಮ ಅಂತಿದ್ನಂತೆ. ಯಂತ್ರದ್ದೂ ನಿಮ್ಮದೂ ಒಂದೇ ಇರ್ತಿತ್ತು ಅಂತಾನೂ ಹೇಳ್ದ. ಒಂದು ದಿನಾನೂ ತಪ್ಪಿಲ್ಲ ನೀವು."

ಅವರು ಅದನ್ನು ಸಮಾಧಾನಕ್ಕೆಂದೇ ಹೇಳಿದ್ದು. ನಸೀಬಾ ತಲೆಯಾಡಿಸಿದಳು. ಪರಮೇಶ್ ಎದ್ದು ಕರ್ಚೀಫು ಕೊಡವಿಕೊಂಡು ಹೋದರು. ಬಟ್ಟೆ ಒಗೆಯುವುದನ್ನು ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಶಂಕರಮ್ಮ ಹತ್ತಿರ ಬಂದು, "ನೀನು ಬರದಿದ್ರೆ ನಾನಿಲ್ಲಿ ಯಾರನ್ನ ಮಾತಾಡಿಸ್ಲಿ?" ಎಂದಳು. ಬಳಿಕ ಗದ್ದದಿಂದ ಕಂಬದ ಕಡೆ ತೋರಿಸಿ, ದನಿ ತಗ್ಗಿಸಿ, "ಆ ಸದ್ದು ನಂಗೂ ಕೇಳುತ್ತೆ ಮಾರಾಯ್ತಿ. ನೀನು ಬಂದಾಗ ಮಾತ್ರ," ಎಂದಳು. ನಸೀಬಾ ಆಗ ಅತ್ತಳು.

ಶಿವಮೊಗ್ಗದ ಹೊಸಮನೆಯಲ್ಲಿ ಬಾಡಿಗೆಗೆ ಎರಡು ಕೋಣೆ ಹಿಡಿದರು. ಸಿದ್ರಾಗೆ ಕಾಲೇಜು ಹತ್ತಿರವಾಯಿತು. ಆಫೀಸಿನಲ್ಲಿ ನಸೀಬಾಗೆ ಮೇಜು ಕೊಟ್ಟರು, ಫ್ಯಾನು ನಿಜವಾಗಿಯೂ ತಲೆಯ ಮೇಲೇ ಇತ್ತು. ಫೋನು ತೆಗೆದುಕೊಳ್ಳುತ್ತಿದ್ದ ನಾಗೇಶ್ ಪಕ್ಕದ ಮೇಜಿನವನೇ. ಇಷ್ಟು ವರ್ಷ ಅವಳ ದನಿ ಮಾತ್ರ ಕೇಳಿದ್ದ ಆ ಹುಡುಗ ಮೊದಲ ದಿನ ಅವಳ ಮುಖ ನೋಡಲಾಗದೆ ಟೀ ತಂದುಕೊಟ್ಟು ಹೋದ.

ಸಂಜೆಗಳು ಕಷ್ಟವಾದವು. ಹೊತ್ತು ಇಳಿಯುತ್ತಿದ್ದಂತೆ ನಸೀಬಾ ಮಾಡುತ್ತಿದ್ದ ಕೆಲಸ ಬಿಟ್ಟು ಏಳುತ್ತಿದ್ದಳು. ಬಾಗಿಲವರೆಗೂ ಹೋಗಿ, ಎಲ್ಲಿಗೆಂದು ತಿಳಿಯದೆ ಅಲ್ಲೇ ನಿಲ್ಲುತ್ತಿದ್ದಳು. ಕೆಲ ದಿನಗಳ ಮೇಲೆ ಆ ಸದ್ದು ಮನೆಯೊಳಗೇ ಶುರುವಾಯಿತು. ಮೊದಲು ಬಚ್ಚಲ ನಲ್ಲಿಯಲ್ಲಿ. ಆಮೇಲೆ ಗೋಡೆಯೊಳಗಿನ ಪೈಪಿನಲ್ಲಿ. ಗಂಟಲು ಸರಿಮಾಡಿಕೊಂಡು, ಏನೋ ಹೇಳಲು ಬಂದವರು ಸುಮ್ಮನಾದಂತೆ. ನಸೀಬಾ ಎದ್ದು ನಲ್ಲಿ ಬಿಗಿಮಾಡುತ್ತಿದ್ದಳು. ಸದ್ದು ನಿಲ್ಲುತ್ತಿರಲಿಲ್ಲ. ಸಯೀದ್ ಹೊಳೆಯಲ್ಲಿದ್ದಾಗ ಅವಳಿಗೆ ಭಯವಿರಲಿಲ್ಲ. ಅಲ್ಲಿ ಅವನ ಜಾಗವಿತ್ತು. ಇಲ್ಲಿ ಅವನು ನಿಲ್ಲಲು ಜಾಗ ಹುಡುಕುತ್ತಿದ್ದಾನೆ ಅನಿಸುತ್ತಿತ್ತು.

"ಮೇಲಿನ ಟ್ಯಾಂಕಿಗೆ ನೀರು ಏರ್ತಾ ಇದೆ ಅಷ್ಟೇ ಅಮ್ಮಿ," ಎನ್ನುತ್ತಿದ್ದಳು ಸಿದ್ರಾ. ಒಂದು ಸಂಜೆ ಕರೆಂಟಿರಲಿಲ್ಲ, ಪಂಪು ನಿಂತಿತ್ತು. ಆಗಲೂ ಸದ್ದು ಬಂತು. ಸಿದ್ರಾ ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತಿದಳು. ತಾಯಿಯೂ ಮಗಳೂ ಒಬ್ಬರನ್ನೊಬ್ಬರು ನೋಡಿದರು. ಟ್ಯಾಂಕಿನ ಮಾತನ್ನು ಸಿದ್ರಾ ಮತ್ತೆ ಆಡಲಿಲ್ಲ.

ರಾಜ್ಯಮಟ್ಟದ ಸ್ಪರ್ಧೆ ಹತ್ತಿರ ಬರುತ್ತಿತ್ತು. ರವೀಂದ್ರನಗರದ ವಸಂತ್ ಮೇಷ್ಟ್ರ ಮನೆಗೆ ಸಿದ್ರಾ ಅಭ್ಯಾಸಕ್ಕೆ ಹೋಗುತ್ತಿದ್ದಳು. ಒಂದು ದಿನ ಹೇಳಿದಳು: "ಸರ್, ಆ ಹೊಳೆಯ ಉದಾಹರಣೆ ತೆಗೀತೀನಿ."

"ಯಾಕಮ್ಮ? ಇಡೀ ಭಾಷಣ ನಿಂತಿರೋದೇ ಅದರ ಮೇಲೆ. ಅಥವಾ ಈಗ ನಿಂಗೆ ನಂಬಿಕೆ ಇಲ್ವಾ?"

"ನಂಬಿಕೆ ಇದೆ ಸರ್. ಆ ಹುದ್ದೆ ಬೇಡವಾಗಿತ್ತು. ಯಂತ್ರ ಸರಿಯಾಗೇ ಇದೆ. ಆದ್ರೆ ಮಸೂದೇಲಿ ಇನ್ನೊಂದು ಮಾತು ಸೇರಿಸ್ಬೇಕು. ಹುದ್ದೆ ಮುಗಿಸೋ ಮುಂಚೆ, ಅದರಲ್ಲಿರೋರು ಅಲ್ಲಿ ನಿಜವಾಗಿ ಏನ್ ಮಾಡ್ತಿದ್ದಾರೆ ಅಂತ ಅವರನ್ನೇ ಕೇಳ್ಬೇಕು."

ವಸಂತ್ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಕೇಳ್ತಾ ಹೋದ್ರೆ ಯಾವ ಹುದ್ದೇನೂ ಮುಗಿಸೋಕಾಗಲ್ಲ ಸಿದ್ರಾ."

"ಹೌದು ಸರ್," ಎಂದಳು ಸಿದ್ರಾ. "ಅದೂ ನಿಜ."

ಮೇಷ್ಟ್ರ ಹೆಂಡತಿ ಸರಸ್ವತಿ ಮಂಡಕ್ಕಿ ತಂದಿಟ್ಟರು.

ಅವತ್ತು ಮನೆಗೆ ಬಂದವಳು ಚೀಲ ಕೆಳಗಿಡುವ ಮೊದಲೇ ತಾಯಿಯನ್ನು ಕೇಳಿದಳು. "ಅಮ್ಮಿ, ಅಬ್ಬಾನ ಹುಡುಕೋಕೆ ಕೂಡ್ಲಿತನಕ ಹೋಗಿದ್ರಂತಲ್ಲ. ಆಗ ನಿನ್ನನ್ನ ಕರ್ಕೊಂಡು ಹೋಗಿದ್ರಾ?"

"ಇಲ್ಲ. ಹೆಂಗಸರು ಬೇಡ ಅಂದ್ರು. ಆಮೇಲೂ ಹೋಗಿಲ್ಲ."

"ಭಾನುವಾರ ಹೋಗೋಣ."

ನಸೀಬಾ ಮಗಳ ಮುಖವನ್ನೇ ನೋಡಿದಳು. ಭಾನುವಾರ ಬೆಳಿಗ್ಗೆ ಸಿದ್ರಾ ಏಳುವ ಹೊತ್ತಿಗೆ ಅವಳು ಸ್ನಾನ ಮುಗಿಸಿ ಬುರ್ಖಾ ತೊಟ್ಟು ಬಾಗಿಲ ಬಳಿ ಕೂತಿದ್ದಳು.

ಕೂಡ್ಲಿಯಲ್ಲಿ ಮಳೆಗಾಲದ ನೀರು ಇಳಿದು ದಡದ ಬಂಡೆಗಳು ಎದ್ದಿದ್ದವು. ಒಂದು ಕಡೆಯಿಂದ ತುಂಗೆ, ಇನ್ನೊಂದು ಕಡೆಯಿಂದ ಭದ್ರೆ. ಎರಡೂ ತಕ್ಷಣ ಬೆರೆಯದೆ ಸ್ವಲ್ಪ ದೂರ ಅಕ್ಕಪಕ್ಕ ಹರಿದು, ಎಲ್ಲಿಯೋ ನಡುವಿನ ಗೆರೆ ಅಳಿಸಿಹೋಗುತ್ತಿತ್ತು. ಇಲ್ಲಿ ಕಂಬವಿರಲಿಲ್ಲ, ಗುರುತಿರಲಿಲ್ಲ. ನಸೀಬಾ ಕಿವಿಗೊಟ್ಟು ನಿಂತಳು. ಸದ್ದೇ ಇರಲಿಲ್ಲ. ಸಿದ್ರಾ ತಾಯಿಯ ತೋಳು ಹಿಡಿದುಕೊಂಡಳು. ಬೀಳದಿರಲೆಂದು ಹಿಡಿದದ್ದು ಯಾರು ಯಾರನ್ನೋ.

ಹರಿಗೋಲಿನ ಕರಿಯಣ್ಣ ದಡದಲ್ಲಿ ಬೀಡಿ ಸೇದುತ್ತ ಕೂತಿದ್ದ. ಇವರನ್ನು ನೋಡಿ ಎದ್ದು ಬಂದ. "ನೀರಿನ ಮ್ಯಾಲೆ ಒಂದು ಸುತ್ತು ಹೋಗ್ಬರ್ತೀರೇನಮ್ಮ? ಬಿಸಿಲೇರೋ ಮುಂಚೆ ಆದ್ರೆ ಚಂದ."

ಸಿದ್ರಾ ತಾಯಿಯ ಕಡೆ ತಿರುಗಿದಳು. ನಸೀಬಾ ಆಗಲೇ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದಿದ್ದಳು.

"ಎಷ್ಟು ಜನ?" ಎಂದ ಕರಿಯಣ್ಣ.

"ಮೂರು ಜನ," ಎಂದಳು ನಸೀಬಾ.

ಕರಿಯಣ್ಣ ಅವರ ಹಿಂದಿನ ದಾರಿಯನ್ನು ನೋಡಿದ. ಯಾರೂ ಇರಲಿಲ್ಲ. ಬೂದಿ ಬಿಡಲು ಬಂದವರನ್ನೂ ಹರಕೆ ಹೊತ್ತು ಬಂದವರನ್ನೂ ಎಷ್ಟೋ ಕಾಲದಿಂದ ದಾಟಿಸುತ್ತಿದ್ದ ಅವನು ಬೀಡಿಯನ್ನು ಕಲ್ಲಿಗೆ ಒತ್ತಿ ಆರಿಸಿದ.

"ಹಂಗಾದ್ರೆ ಒಂದೇ ಕಡೆ ಕೂರಬೇಡಿ," ಎಂದ. "ಜಾಗ ಬಿಟ್ಕೊಂಡು ಕೂತ್ಕಳಿ. ಭಾರ ಸಮ ಆಗ್ಬೇಕು."

ಸಿದ್ರಾ ಮೊದಲು ಹತ್ತಿದಳು. ಅಂಚಿಗೆ ಒರಗಿ ಕೂತವಳು ದುಪಟ್ಟಾ ಎಳೆದುಕೊಂಡು ಇನ್ನೂ ಸ್ವಲ್ಪ ಸರಿದಳು. ನಸೀಬಾ ಎದುರಿಗೆ ಕೂತಳು. ಕರಿಯಣ್ಣ ಹುಟ್ಟನ್ನು ಬಂಡೆಗೆ ಒತ್ತಿದ. ಹರಿಗೋಲು ನಿಂತಲ್ಲೇ ಒಂದು ಸುತ್ತು ತಿರುಗಿ ಭದ್ರೆಯ ಕಡೆಗೆ ಸಾಗಿತು.